ಬೇಳೆ ಚೀಲಕ್ಕೆ ಲೇಬಲ್ ಬಿದ್ದ ಮೇಲೆ

ಸೇಡಂನಲ್ಲಿ ನಮ್ಮದು ಸಣ್ಣ ದಾಲ್ ಮಿಲ್. ಬಿಡಿ ತೊಗರಿ ಬೇಳೆ ಮಾರುವಷ್ಟು ದಿನ ಲೆಕ್ಕಕ್ಕೆ ಮುನೀಮರೊಬ್ಬರೇ ಸಾಕಾಗಿದ್ದರು. ಖರೀದಿ, ಅಡತಿ, ಹಮಾಲಿ, ಉದ್ರಿ ಎಲ್ಲ ಅವರ ಖಾತೆ ಪುಸ್ತಕದಲ್ಲಿ ಸಿಗುತ್ತಿತ್ತು. ನಮ್ಮದೇ ಹೆಸರಿನ ಐದು ಕಿಲೋ ಪ್ಯಾಕೆಟ್ ಮಾಡಲು ಹೊರಟಾಗ ವಿಷಯ ಅವರನ್ನೂ ನಮ್ಮನ್ನೂ ಮೀರಿತು. 2022ರ ಜುಲೈ 18ರಿಂದ, 25 ಕಿಲೋವರೆಗಿನ ಲೇಬಲ್ ಹಚ್ಚಿದ ಬೇಳೆಗೆ ಶೇ 5 ಜಿಎಸ್‌ಟಿ ಬಂದಿದೆ. ಬಿಡಿ ಬೇಳೆಗೆ ಇಲ್ಲ. ಎರಡೂ ಒಂದೇ ಯಂತ್ರದಿಂದ ಹೊರಬೀಳುತ್ತವೆ. ಹಾಗಿದ್ದರೆ ಆ ಯಂತ್ರಕ್ಕೆ ಕಟ್ಟಿದ ತೆರಿಗೆಯಲ್ಲಿ ಎಷ್ಟನ್ನು ಹೊಂದಿಸಿಕೊಳ್ಳಬಹುದು?

ಕಲಬುರಗಿಯಲ್ಲಿ ಇಬ್ಬರು ಚಾರ್ಟರ್ಡ್ ಅಕೌಂಟೆಂಟರನ್ನು ಕಂಡೆ. ಒಬ್ಬರು ಕೂತ ಕೂಡಲೇ ಎಷ್ಟು ತೆರಿಗೆ ಉಳಿಸಿಕೊಡಬಹುದು ಎಂದು ಹೇಳತೊಡಗಿದರು. ಇನ್ನೊಬ್ಬರು ಬಾಕಿದಾರರ ಪಟ್ಟಿ ಕೇಳಿದರು. ಬೆರಳಿಟ್ಟು ಒಂದೊಂದೇ ಹೆಸರು ಓದಿ, ‘ಇವರು ಎಷ್ಟು ದಿನಕ್ಕೆ ಕೊಡ್ತಾರ್ರೀ?’ ಎಂದರು. ತೊಗರಿ ರಾಶಿಯಾದಾಗ ರೊಕ್ಕ ಒಮ್ಮೆಲೇ ಬೇಕು, ಬೇಳೆಯ ರೊಕ್ಕ ವರ್ಷವಿಡೀ ತುಸುತುಸುವೇ ಬರುತ್ತದೆ. ಬ್ಯಾಂಕಿನ ಸಿಸಿ (ಕ್ಯಾಶ್ ಕ್ರೆಡಿಟ್) ಮಿತಿ ಕೇಳಬೇಕಾದ್ದು ಈ ಅಂತರ ನೋಡಿ. ನಾನು ಒಪ್ಪಿದ್ದು ಈ ಎರಡನೆಯವರನ್ನೇ.

ನಗದಿನ ವಿಷಯ ಎತ್ತಿದವರೂ ಅವರೇ. ವಹಿವಾಟು 1 ಕೋಟಿ ದಾಟಿದರೆ ಸಾಮಾನ್ಯವಾಗಿ ತೆರಿಗೆ ಆಡಿಟ್ ಬೇಕು. ನಗದು ಜಮೆ, ನಗದು ಪಾವತಿ ಎರಡೂ ಶೇ 5ರೊಳಗಿದ್ದರೆ ಆ ಮಿತಿ 10 ಕೋಟಿ. ರೈತರಿಗೆ ಕೈಗೇ ರೊಕ್ಕ ಎಣಿಸುವ ನಮ್ಮ ಕಡೆ ಆ ಶೇ 5 ದಾಟಲು ಹೊತ್ತು ಹಿಡಿಯುವುದಿಲ್ಲ.

ಶಹಾಬಾದ್, ವಾಡಿ ಕಡೆಯ ಫರ್ಸಿ ಪಾಲಿಶ್‌ನವರಿಗೆ, ಚಿತ್ತಾಪುರದ ಲಾರಿ ಮಾಲೀಕರಿಗೆ ನಾನು ಪದೇಪದೇ ಹೇಳುವ ಮಾತೊಂದಿದೆ: ಜಿಎಸ್‌ಟಿ ಪೋರ್ಟಲ್‌ನಲ್ಲಿ ನಿಮ್ಮದೇ ಮೊಬೈಲ್ ನಂಬರ್, ನಿಮ್ಮದೇ ಇಮೇಲ್ ಇರಲಿ. ರಿಟರ್ನ್ ತುಂಬುವವರ ನಂಬರ್ ಕೊಟ್ಟರೆ ಒಟಿಪಿಯೂ ನೋಟಿಸ್ ಸಂದೇಶವೂ ಅವರಿಗೇ ಹೋಗುತ್ತವೆ. ಅವರನ್ನು ಬದಲಿಸುವ ದಿನ ನಿಮ್ಮ ಅಂಗಡಿಯ ಕೀಲಿಗೆ ನೀವೇ ಅಲೆಯಬೇಕಾಗುತ್ತದೆ. ಇನ್ನೊಂದು ಮಾತು: ಚಾರ್ಟರ್ಡ್ ಅಕೌಂಟೆಂಟ್ ಸಹಿ ಮಾಡಿದ ಪ್ರಮಾಣಪತ್ರದ ಮೇಲೆ ಯುಡಿಐಎನ್ ಸಂಖ್ಯೆ ಇರಬೇಕು. ಅದನ್ನು ಅವರ ಸಂಸ್ಥೆಯಾದ ಐಸಿಎಐ ಜಾಲತಾಣದಲ್ಲಿ ಯಾರು ಬೇಕಾದರೂ ತಾಳೆ ನೋಡಬಹುದು. ನೋಡಿ, ಸಂಕೋಚ ಬೇಡ.

ಮುನೀಮರು ಈಗಲೂ ಇದ್ದಾರೆ, ಟ್ಯಾಲಿ ಕಲಿತಿದ್ದಾರೆ. ಲೆಕ್ಕ ಬರೆಯುವುದು ಅವರ ಕೆಲಸ, ಪರಿಶೀಲಿಸಿ ಸಹಿ ಹಾಕುವುದು ಕಲಬುರಗಿಯವರದು. ಎರಡನ್ನೂ ಒಬ್ಬರಿಗೇ ಒಪ್ಪಿಸಲು ನನಗೆ ಮನಸ್ಸಿಲ್ಲ. ಫೀ ಮೊದಲಿಗಿಂತ ಹೆಚ್ಚಾಗಿದೆ, ನಿಜ. ಆದರೆ ಹೊಸ ತೊಗರಿ ಗಂಜ್ ಮಾರುಕಟ್ಟೆಗೆ ಬರುವ ಮುನ್ನವೇ ನಮ್ಮ ಸಿಸಿ ಕಾಗದಪತ್ರ ಬ್ಯಾಂಕ್ ಮ್ಯಾನೇಜರರ ಮೇಜಿನ ಮೇಲಿರುತ್ತದೆ.