ಮೊದಲ ಅಡಿಗಲ್ಲು ಕೊಳ್ಳುವ ಮುನ್ನ



ಧಾರವಾಡದ ಸಪ್ತಾಪುರದಲ್ಲಿ ಇಂದು ಎಲ್ಲಿ ನೋಡಿದರೂ ಪರೀಕ್ಷಾ ತರಬೇತಿಯ ತರಗತಿಗಳು, ವಿದ್ಯಾರ್ಥಿ ವಸತಿಗಳು. ಹಳ್ಳಿಗಳಿಂದ ಬಂದ ಮಕ್ಕಳು ಅಲ್ಲಿದ್ದು ಓದುತ್ತಾರೆ. ರೈತರ ಮಕ್ಕಳಂತೆ ಕಂಬಾರರ ಮಕ್ಕಳೂ ಓದುತ್ತಾರೆ. ಅದು ಸಂತೋಷದ ಮಾತೇ. ಆದರೆ ಕುಲುಮೆ ಮುಂದುವರಿಸುವವರಿಲ್ಲದ ಊರಿನಲ್ಲಿ ಕುಡಗೋಲು ಮೊಂಡಾದರೆ ಪಕ್ಕದ ಊರಿಗೆ ಹೋಗಬೇಕು. ಮೇವು ಕೊಯ್ಯುವ ಕೆಲಸ ಅಷ್ಟು ಹೊತ್ತು ನಿಲ್ಲುತ್ತದೆ. ಕುಡಗೋಲು, ಕುರ್ಚಿಗಿಯಂಥ ಸಣ್ಣ ಸಾಮಾನುಗಳನ್ನಾದರೂ ಮನೆಯಲ್ಲೇ ಬಡಿದು ಸರಿಪಡಿಸಲು ಕಲಿಯಬೇಕೆನ್ನುವ ಸದಸ್ಯರಿಗಾಗಿ ಈ ಪಾಠ. ಈ ಕೆಲಸದಲ್ಲಿ ಮೊದಲು ಹಣ ಬೇಡುವುದು ಅಡಿಗಲ್ಲು. ಅದನ್ನು ಆಕಾರ ನೋಡಿ ಅಲ್ಲ, ಲೋಹ ಮತ್ತು ತೂಕ ನೋಡಿ ಕೊಳ್ಳಬೇಕು.

1. ಆಕಾರ: ಚಿತ್ರಗಳಲ್ಲಿ ಕಾಣುವ ಕೊಂಬಿನ ಅಡಿಗಲ್ಲೇ ಬೇಕೆಂದಿಲ್ಲ. ನಮ್ಮ ಹಳ್ಳಿಯ ಕುಲುಮೆಗಳಲ್ಲಿ ಸಾಮಾನ್ಯವಾಗಿ ಇರುವುದು ಮರದ ಕೊರಡಿನಲ್ಲಿ ಕೂರಿಸಿದ ಚೌಕ ಗಟ್ಟಿ. ಕಲಿಯುವವರಿಗೆ ಅಷ್ಟು ಸಾಕು.

2. ತೂಕ: ಒಂದು ಕಿಲೋ ಸುತ್ತಿಗೆಗೆ ಸುಮಾರು 25 ಕಿಲೋ ಅಡಿಗಲ್ಲು ಇರಲಿ. ತೂಕ ಕಡಿಮೆಯಾದರೆ ಅಡಿಗಲ್ಲೇ ಕುಣಿಯುತ್ತದೆ, ಪೆಟ್ಟಿನ ಬಲ ಕಬ್ಬಿಣಕ್ಕೆ ತಲುಪುವುದಿಲ್ಲ. ನೇಗಿಲ ಕುಳದಂಥ ದಪ್ಪ ಕೆಲಸವನ್ನು ಕಂಬಾರರಿಗೇ ಬಿಡುವುದು ಒಳ್ಳೆಯದು.

3. ಲೋಹ: ಅಗ್ಗದ ಅಡಿಗಲ್ಲುಗಳಲ್ಲಿ ಅನೇಕವು ಬೀಡುಕಬ್ಬಿಣದವು. ಅವುಗಳ ಅಂಚು ಒಡೆಯುತ್ತದೆ, ಮುಖ ತಗ್ಗು ಬೀಳುತ್ತದೆ. ಪರೀಕ್ಷೆ ಸುಲಭ. ಬೇರಿಂಗಿನ ಒಂದು ಉಕ್ಕಿನ ಗುಂಡನ್ನು ಜೇಬಿನಲ್ಲಿಟ್ಟುಕೊಂಡು ಹೋಗಿರಿ. 10 ಅಂಗುಲ ಎತ್ತರದಿಂದ ಅಡಿಗಲ್ಲಿನ ಮೇಲೆ ಬಿಡಿರಿ. 7-8 ಅಂಗುಲ ಪುಟಿದರೆ ಒಳ್ಳೆಯ ಗಟ್ಟಿ ಉಕ್ಕು. 5-6 ಅಂಗುಲವಾದರೆ ಕಲಿಕೆಗೆ ನಡೆಯುತ್ತದೆ. ಅದಕ್ಕಿಂತ ಕೆಳಗೇ ನಿಂತರೆ ಕೊಳ್ಳಬೇಡಿರಿ. ಒಂದೇ ಕಡೆ ಅಲ್ಲ, ಮುಖದ ನಾಲ್ಕಾರು ಕಡೆ ಹೀಗೆ ನೋಡಿರಿ. ಬಿರುಕಿದ್ದರೆ ಎಷ್ಟು ಅಗ್ಗವಾದರೂ ಬೇಡ.

4. ರೈಲು ಹಳಿಯ ತುಂಡು: ಇದು ಒಳ್ಳೆಯ ಉಕ್ಕು. ಮೀಟರಿಗೆ 60 ಕಿಲೋ ತೂಗುವ ಹಳಿಯ ಒಂದು ಅಡಿ ತುಂಡು ಸುಮಾರು 18 ಕಿಲೋ ಬರುತ್ತದೆ. ಅದನ್ನು ಮಲಗಿಸದೆ ನೆಟ್ಟಗೆ ನಿಲ್ಲಿಸಿದರೆ ಪೆಟ್ಟಿನ ಕೆಳಗೆ ಹೆಚ್ಚು ಲೋಹ ಸಿಗುತ್ತದೆ. ಆದರೆ ಎಚ್ಚರಿಕೆ: ಹಳಿಯ ಪಕ್ಕ ಬಿದ್ದ ತುಂಡೂ ರೈಲ್ವೆಯ ಆಸ್ತಿಯೇ. ಅದನ್ನು ಅಕ್ರಮವಾಗಿ ಇಟ್ಟುಕೊಂಡರೆ 1966ರ ಕಾಯಿದೆಯ ಪ್ರಕಾರ ಮೊದಲ ಅಪರಾಧಕ್ಕೇ 5 ವರ್ಷದವರೆಗೆ ಜೈಲು ಆಗಬಹುದು. ರೈಲ್ವೆ ಹರಾಜಿನಲ್ಲಿ ಕೊಂಡ ಗುಜರಿ ವ್ಯಾಪಾರಿಯಿಂದ ಮಾತ್ರ ಪಡೆಯಿರಿ, ರಸೀದಿ ಜೋಪಾನವಾಗಿಡಿರಿ.

5. ಕೂರಿಸುವ ಕ್ರಮ: ಜಾಲಿ ಅಥವಾ ಹುಣಸೆಯ ಕೊರಡನ್ನು ನೆಲದಲ್ಲಿ ಅಲುಗದಂತೆ ಹೂಳಿರಿ. ನಿಂತು ಕೆಲಸ ಮಾಡುವವರು ಕೈ ಇಳಿಬಿಟ್ಟಾಗ ಮುಷ್ಟಿಯ ಎತ್ತರಕ್ಕೆ ಅಡಿಗಲ್ಲಿನ ಮುಖ ಬರಬೇಕು. ಬರಿ ಮುಖದ ಮೇಲೆ ಸುತ್ತಿಗೆ ಬಡಿಯಬಾರದು. ಚೂರು ಹಾರಿ ಕಣ್ಣಿಗೆ ಬಡಿಯುತ್ತದೆ. ಕನ್ನಡಕ ಹಾಕಿಕೊಳ್ಳಿರಿ. ಸತುವಿನ ಲೇಪವಿರುವ ತಗಡು, ಪೈಪು ಕಾಯಿಸಬಾರದು. ಅದರ ಹೊಗೆ ಕುಡಿದರೆ ಚಳಿಜ್ವರ ಬರುತ್ತದೆ.

6. ಗೋದಲಿಯಿಂದ ದೂರ: ಹಾಲು ಉತ್ಪಾದಕರು ಮರೆಯಲೇಬಾರದ ಮಾತು ಇದು. ಕುಲುಮೆಯ ಕಿಡಿ ಬಣವೆಗೆ ಅಪಾಯ. ಅದಕ್ಕಿಂತ ಗುಪ್ತ ಅಪಾಯ ಕಬ್ಬಿಣದ ಚೂರು. ಆಕಳು, ಎಮ್ಮೆಗಳು ಮೇವನ್ನು ಆರಿಸದೆ ನುಂಗುತ್ತವೆ. ಮೇವಿನೊಡನೆ ಹೋದ ಮೊಳೆ, ತಂತಿ ಎರಡನೆಯ ಹೊಟ್ಟೆಯಲ್ಲಿ ನಿಂತು ಅದರ ಗೋಡೆಯನ್ನು ತೂರುತ್ತದೆ. ಮುಂದೆಯೇ ಇರುವ ಹೃದಯಕ್ಕೂ ಚುಚ್ಚಬಹುದು. ಮೇವು ಬಿಡುವುದು, ಹಾಲು ಒಮ್ಮೆಲೇ ಇಳಿಯುವುದು, ಬೆನ್ನು ಬಾಗಿಸಿ ನಿಲ್ಲುವುದು, ಎದೆಯ ಕೆಳಗೆ ಬಾವು ಕಂಡರೆ ತಡಮಾಡದೆ ಪಶುವೈದ್ಯರನ್ನು ಕರೆಯಿರಿ. ಕೆಲಸ ಮುಗಿದ ಮೇಲೆ ಹಳೆಯ ಸ್ಪೀಕರಿನ ಆಯಸ್ಕಾಂತವನ್ನು ಹಗ್ಗಕ್ಕೆ ಕಟ್ಟಿ ನೆಲದ ಮೇಲೆಲ್ಲ ಎಳೆದರೆ ಚೂರುಗಳು ಅಂಟಿಕೊಳ್ಳುತ್ತವೆ.

ಕುಡಗೋಲಿಗೆ ಹದ ಕೊಡುವುದನ್ನು ಊರಿನ ಅಥವಾ ಪಕ್ಕದೂರಿನ ಹಿರಿಯ ಕಂಬಾರರ ಬಳಿ ಕುಳಿತು ಕಲಿಯಿರಿ. ಕಾದ ಕಬ್ಬಿಣದ ಬಣ್ಣ ಓದುವುದು ಕಾಗದದಿಂದ ಬರುವ ವಿದ್ಯೆಯಲ್ಲ. ನಮ್ಮ ಸದಸ್ಯರಲ್ಲೇ ಕಂಬಾರಿಕೆ ಕುಲಕಸುಬಾಗಿ ಉಳ್ಳವರು, 2023ರ ಸೆಪ್ಟೆಂಬರ್ 17ರಂದು ಆರಂಭವಾದ ಪಿ.ಎಂ. ವಿಶ್ವಕರ್ಮ ಯೋಜನೆಯಲ್ಲಿ ಸಲಕರಣೆಗಾಗಿ 15,000 ರೂಪಾಯಿವರೆಗೆ ನೆರವು ಇರುವುದನ್ನು ಗ್ರಾಮ ಪಂಚಾಯಿತಿಯಲ್ಲಿ ವಿಚಾರಿಸಬಹುದು.

ಪಾಠದ ನೆನಪಿಗೆ: ಬೇರಿಂಗ್ ಗುಂಡು ಎಷ್ಟು ಪುಟಿಯಬೇಕು? ಹಳಿಯ ತುಂಡಿಗೆ ರಸೀದಿ ಏಕೆ? ನಿಮ್ಮ ಗೋದಲಿಯಿಂದ ಅಡಿಗಲ್ಲು ಎಷ್ಟು ಹೆಜ್ಜೆ ದೂರ? ಈ ಮೂರಕ್ಕೂ ಮನೆಯವರೆಲ್ಲ ಉತ್ತರ ಹೇಳಬಲ್ಲವರಾದ ಮೇಲೆ ಪೇಟೆಗೆ ಹೊರಡಿರಿ.