ಆರೈಕೆ ಮಾಡುವವರಿಗೂ ಆರೈಕೆ ಬೇಕು



2019ರ ಮಾರ್ಚ್ 19ರಂದು ಧಾರವಾಡದ ಕುಮಾರೇಶ್ವರ ನಗರದಲ್ಲಿ ಕಟ್ಟಡ ಕುಸಿದು 19 ಜನ ತೀರಿಕೊಂಡರು. ಇಂಥ ವೇಳೆ ಅಗ್ನಿಶಾಮಕ ದಳದವರು, ಆಂಬುಲೆನ್ಸ್‌ನವರು, ನರ್ಸ್‌ಗಳು ಹಗಲು ರಾತ್ರಿ ದುಡಿಯುತ್ತಾರೆ. ಅವರ ಮನಸ್ಸಿಗಾದ ಗಾಯ ಮಾತ್ರ ಕಣ್ಣಿಗೆ ಕಾಣೂದಿಲ್ಲ. ನಮ್ಮ ವಿದ್ಯಾನಗರದಲ್ಲೇ ಕಿಮ್ಸ್ ಎಂದು ಜನ ಕರೆಯುವ ದೊಡ್ಡಾಸ್ಪತ್ರೆ ಇದೆ. ಅಲ್ಲಿ ದುಡಿಯುವವರು, ಆಶಾ ಕಾರ್ಯಕರ್ತೆಯರು ನಮ್ಮ ನೆರೆಹೊರೆಯವರೇ.

ಗಮನಿಸಬೇಕಾದದ್ದು: ನಿದ್ದೆ ಬಾರದಿರುವುದು, ಕಂಡದ್ದೇ ಮತ್ತೆ ಮತ್ತೆ ಕಣ್ಮುಂದೆ ಬರುವುದು, ಸಣ್ಣದಕ್ಕೂ ಸಿಟ್ಟು, ಡ್ಯೂಟಿಗೆ ಹೋಗಲು ಅಂಜಿಕೆ, ಕುಡಿತ. ಇದು ಹುಚ್ಚಲ್ಲ, ಪುಕ್ಕಲುತನವೂ ಅಲ್ಲ.

ನಾವು ಮಾಡಬೇಕಾದದ್ದು:
1. "ಏನಾತು, ಹೇಳವಾ" ಎಂದು ಒತ್ತಾಯ ಬೇಡ. ಹತ್ತಿರ ಕೂಡೋಣ, ಹೇಳಿದರೆ ಕೇಳೋಣ.
2. ಒಂದು ಹೊತ್ತಿನ ರೊಟ್ಟಿ ಕೊಡೋಣ, ಮಕ್ಕಳನ್ನು ನೋಡಿಕೊಳ್ಳೋಣ. ಅವರು ಮಲಗಲಿ.
3. ತಿಂಗಳಾದರೂ ಕಡಿಮೆಯಾಗದಿದ್ದರೆ ಧಾರವಾಡದ ಡಿಮ್ಹಾನ್ಸ್‌ಗೆ ಜೊತೆಯಲ್ಲಿ ಹೋಗೋಣ. 2022ರಲ್ಲಿ ಆರಂಭವಾದ ಟೆಲಿ ಮಾನಸ್‌ಗೆ, 14416ಕ್ಕೆ, ಯಾವಾಗ ಬೇಕಾದರೂ ಉಚಿತವಾಗಿ ಫೋನ್ ಮಾಡಬಹುದು.
4. ಸಾಯುವ ಮಾತಾಡಿದರೆ ಒಬ್ಬರನ್ನೇ ಬಿಡಬಾರದು. ತಕ್ಷಣ ಆಸ್ಪತ್ರೆಗೆ ಕರೆದೊಯ್ಯಬೇಕು.

ಚರ್ಚಿಸಿರಿ: ನಮ್ಮ ಓಣಿಯಲ್ಲಿ ಇಂಥ ಡ್ಯೂಟಿ ಮಾಡುವವರು ಯಾರು? ಈ ವಾರ ಅವರ ಮನೆಗೆ ಯಾರು ಹೋಗುತ್ತೀರಿ?