ಗೆರೆ ಎಳೆಯುವ ಮುಂಚೆ ಮೂರು ಸಲ ನೋಡು

ಮಗೂ, ನಿನ್ನ ಕೈ ಚೆನ್ನಾಗಿದೆ, ಅದರಲ್ಲಿ ನನಗೆ ಅನುಮಾನವಿಲ್ಲ. ಅವಸರವೂ ಅಷ್ಟೇ ಚೆನ್ನಾಗಿದೆ. ಮುಖದ ಮೇಲೆ ಕಿವಿ ಇನ್ನೂ ತನ್ನ ಜಾಗದಲ್ಲಿ ಕೂತಿಲ್ಲ, ಆಗಲೇ 'ನನ್ನದೇ ಶೈಲಿ' ಅನ್ನುತ್ತೀಯ. ಹಳೆಯ ಘಟಾನುಘಟಿಗಳ ರೇಖಾಚಿತ್ರ ನೋಡಿಕೊಂಡು ಬರಿ ಅಂದರೆ ಮೂತಿ ತಿರುವಿ 'ಅದು ಕಾಪಿ ಅಲ್ವಾ ತಾತಾ?' ಅನ್ನುತ್ತೀಯ. ಹೌದು, ಕಾಪಿಯೇ. ಸಂಗೀತದ ಮೇಷ್ಟ್ರು ಸರಳೆ ವರಸೆ ಹೇಳಿಕೊಟ್ಟಾಗ ತುಟಿಪಿಟಕ್ಕೆನ್ನದೆ ಹಾಗೇ ಒಪ್ಪಿಸಿದೆಯಲ್ಲ, ಪೆನ್ಸಿಲ್ ಹಿಡಿದಾಗ ಮಾತ್ರ ಈ ಬಿಗುಮಾನ ಯಾಕೆ?

ಇಟಲಿಯ ಚೆನ್ನಿನೊ ಚೆನ್ನಿನಿ ಸುಮಾರು 1400ರ ಹೊತ್ತಿಗೇ ಚಿತ್ರಗಾರರಿಗೊಂದು ಕೈಪಿಡಿ ಬರೆದಿಟ್ಟ. ಒಬ್ಬ ಒಳ್ಳೆಯ ಗುರುವನ್ನು ಹಿಡಿ, ದಿನಾ ಅವನನ್ನೇ ನೋಡಿ ಬರಿ. ಇವತ್ತು ಇವನು ನಾಳೆ ಅವನು ಅಂತ ಹಾರಾಡಿದರೆ ಯಾರ ಕೈಗುಣವೂ ಹತ್ತುವುದಿಲ್ಲ ಎಂಬುದು ಅವನ ಬುದ್ಧಿವಾದ. ನಿನ್ನ ಫೋನಿನಲ್ಲಿ ಗುಡ್ಡೆ ಬಿದ್ದಿರುವ ಚಿತ್ರಗಳನ್ನು ನೋಡಿದ್ದರೆ ಅವನು ಹಣೆ ಚಚ್ಚಿಕೊಳ್ಳುತ್ತಿದ್ದ.

ಮೈಕೆಲಾಂಜೆಲೊ ಹುಡುಗನಾಗಿದ್ದಾಗ ಫ್ಲಾರೆನ್ಸಿನ ಚರ್ಚುಗಳಲ್ಲಿ ಜಿಯೊಟ್ಟೊ, ಮಸಾಚ್ಚೊ ಬರೆದ ಗೋಡೆಚಿತ್ರಗಳ ಮುಂದೆ ನಿಂತು ನಕಲು ಮಾಡಿದವನು. ಜಿಯೊಟ್ಟೊ ನೋಡಿ ಬರೆದ ಹಾಳೆಯೊಂದು ಈಗಲೂ ಪ್ಯಾರಿಸ್ಸಿನ ಲೂವ್ರ್‌ನಲ್ಲಿದೆ. ಆದರೆ ಜೊತೆಯಲ್ಲಿ ಬರೆಯುತ್ತಿದ್ದವರನ್ನು ಹಂಗಿಸುವುದು ಅವನಿಗೊಂದು ಚಾಳಿಯಂತೆ. ತೊರ್ರಿಜಾನೊ ಎಂಬ ಹುಡುಗ ತಡೆಯಲಾರದೆ ಗುದ್ದಿಯೇ ಬಿಟ್ಟ. ಮೂಗು ಮುರಿದದ್ದು ಸಾಯುವತನಕ ಹಾಗೇ ಉಳಿಯಿತು. ನಿನ್ನ ನಾಲಿಗೆಯೂ ಸ್ವಲ್ಪ ಉದ್ದವೇ, ಅದಕ್ಕೆ ಹೇಳಿದೆ.

ವ್ಯಾನ್ ಗೋನ ಕಥೆ ಬೇರೆ. 1880ರಲ್ಲಿ ಬೆಲ್ಜಿಯಂನ ಕಲ್ಲಿದ್ದಲು ಸೀಮೆಯಲ್ಲಿ, ಧರ್ಮಬೋಧಕನ ಕೆಲಸ ಕೈತಪ್ಪಿದ ಮೇಲೆ, 27ನೇ ವಯಸ್ಸಿನಲ್ಲಿ ಚಿತ್ರಗಾರನಾಗುತ್ತೇನೆಂದು ಹೊರಟ. ಶಾರ್ಲ್ ಬಾರ್ಗ್ ಎಂಬಾತ ಕಲಿಯುವವರಿಗೆಂದೇ ಅಚ್ಚು ಹಾಕಿಸಿದ್ದ ಇದ್ದಿಲು ಅಭ್ಯಾಸದ 60 ಹಾಳೆ ತರಿಸಿಕೊಂಡು, ಒಂದನ್ನೂ ಬಿಡದೆ, ಮತ್ತೆ ಮತ್ತೆ ಬರೆದ. ಸೂರ್ಯಕಾಂತಿ ಗೀರ್ಯಕಾಂತಿ ಎಲ್ಲ ಬರೆದು ಮುಗಿಸಿ, ತೀರಿಕೊಂಡ ವರ್ಷ, 1890ರಲ್ಲಿ, ಅದೇ ಹಾಳೆಗಳನ್ನು ಕಳಿಸು ಎಂದು ತಮ್ಮನಿಗೆ ಕಾಗದ ಹಾಕಿದ. ನೀನೋ, ಮೂರು ಹಾಳೆಗೆ ಬೇಜಾರು ಅನ್ನುತ್ತೀಯ!

ಯಾವುದರಿಂದ ಶುರು ಮಾಡಲಿ ಅಂತೀಯಾ? ಜರ್ಮನಿಯ ಡ್ಯೂರರ್ 1508ರಲ್ಲಿ ಬರೆದ ಮುಗಿದ ಕೈಗಳಿವೆ, ವಿಯೆನ್ನಾದ ಆಲ್ಬರ್ಟಿನಾ ಮ್ಯೂಸಿಯಮ್ಮಿನಲ್ಲಿ. ಮೂಲವೇ ಎ4 ಹಾಳೆಗಿಂತ ಚೂರು ಚಿಕ್ಕದು, ಹಾಗಾಗಿ ಅದೇ ಅಳತೆಗೆ ಪ್ರಿಂಟ್ ತೆಗೆಸಬಹುದು. ನಿನ್ನ ಹಾಳೆಯ ಪಕ್ಕಕ್ಕೇ ನೆಟ್ಟಗೆ ಅಂಟಿಸು. ಟ್ರೇಸಿಂಗ್ ಹಾಳೆ ಮುಟ್ಟಬೇಡ. ಕೈ ಓಡುತ್ತದೆ, ಕಣ್ಣು ನಿದ್ದೆ ಹೊಡೆಯುತ್ತದೆ. ನೂಲಿಗೆ ಗುಂಡು ಕಟ್ಟಿ ಇಳಿಬಿಟ್ಟು ನೋಡು, ಕಿರುಬೆರಳ ತುದಿಯ ನೇರಕ್ಕೆ ಕೆಳಗೆ ಏನಿದೆ, ಮಣಿಕಟ್ಟೋ ತೋಳಿನ ಬಟ್ಟೆಯೋ? ಮೊದಲು ಬರೀ ನೇರ ಗೆರೆಗಳಲ್ಲಿ ಒಟ್ಟು ಆಕಾರ ಹಿಡಿ, ಡೊಂಕು ಆಮೇಲೆ, ನೆರಳು ಅದಕ್ಕೂ ಆಮೇಲೆ. ಬಾರ್ಗ್ ಕಲಿಸಿದ ಕ್ರಮವೂ ಇದೇ. ಉಗುರಿನಿಂದಲೇ ಶುರು ಮಾಡುವ ನಿನ್ನ ಚಟ ಬಿಡಬೇಕು. ಗೆರೆ ತಪ್ಪಿದ ಕೂಡಲೇ ರಬ್ಬರ್ ಹುಡುಕಬೇಡ. ಸರಿಯಾದದ್ದನ್ನು ಪಕ್ಕದಲ್ಲಿ ಎಳೆದ ಮೇಲೆ ಒರೆಸು, ಎಷ್ಟು ತಪ್ಪಿದ್ದೆ ಅಂತ ಗೊತ್ತಾಗಲಿ. ಮುಗಿದ ಮೇಲೆ ಕನ್ನಡಿ ಹಿಡಿದು ಅದರೊಳಗೆ ನೋಡು. ಇದು ಲಿಯೊನಾರ್ಡೊ ಹೇಳಿಕೊಟ್ಟ ಉಪಾಯ, ಅಡಗಿ ಕೂತ ಸೊಟ್ಟೆಲ್ಲ ಹೊರಬೀಳುತ್ತದೆ.

ನಿನ್ನತನ ಕಳೆದುಹೋದೀತು ಅನ್ನುವ ಭಯ ಬೇಡ. ಹಾಲೆಂಡಿನಿಂದ ಹೊರಗೆ ಕಾಲಿಡದ ರೆಂಬ್ರಾಂಟ್, ಅಲ್ಲಿಗೆ ತಲುಪಿದ್ದ ನಮ್ಮ ಮೊಘಲ್ ಚಿತ್ರಗಳನ್ನು ನೋಡಿ ಇಪ್ಪತ್ತಕ್ಕೂ ಹೆಚ್ಚು ನಕಲು ಮಾಡಿದ. ಆಗ ಅವನಿಗೆ ಐವತ್ತರ ಆಸುಪಾಸು, ಹೆಸರು ಗಳಿಸಿ ಆಗಿತ್ತು. ಷಹಜಹಾನನ ಪೇಟ, ನಿಲುವು ಎಲ್ಲ ಮುತುವರ್ಜಿಯಿಂದ ನೋಡಿ ಬರೆದರೂ ಗೆರೆ ಮಾತ್ರ ಅಪ್ಪಟ ರೆಂಬ್ರಾಂಟನದೇ.

ಇನ್ನೊಂದು ಮಾತು. ಹಳೆಯ ಚಿತ್ರ ನಕಲು ಮಾಡಿ, ಹೊಗೆ ಹಿಡಿಸಿ, ಮೂಲ ತಾನಿಟ್ಟುಕೊಂಡು ನಕಲನ್ನೇ ವಾಪಸು ಕೊಡುತ್ತಿದ್ದ ಅಂತ ಮೈಕೆಲಾಂಜೆಲೊ ಬಗ್ಗೆ, ಅವನ ಜೀವನಕಥೆ ಬರೆದ ವಸಾರಿ ಹೇಳಿದ್ದಾನೆ. ಆ ಕಿತಾಪತಿ ನಿನಗೆ ಬೇಡ. ಕೆಳಗೆ 'ಡ್ಯೂರರ್ ನೋಡಿ ಬರೆದದ್ದು' ಅಂತ ಹಾಕಿ, ಆಮೇಲೆ ನಿನ್ನ ಹೆಸರು. ಇನ್‌ಸ್ಟಾಗ್ರಾಮಿಗೆ ಏರಿಸಿದರೂ ಅಷ್ಟೇ. ಲೈಕು ಎಷ್ಟು ಬಂತು ಅಂತ ನನಗೆ ಹೇಳಬೇಡ, ಹೆಬ್ಬೆರಳು ಯಾಕೆ ಅಷ್ಟುದ್ದ ಬಂತು ಅಂತ ಹೇಳು.